ಗೋಡೆಗೆ ಬರೆದ ಹೆಗಲು

ಇದನ್ನು ಹೇಳಬೇಕೆಂದು ಹೊರಟು ಎಷ್ಟೋ ಸಲ ಹಿಂದೆ ಸರಿದಿದ್ದೇನೆ. ಮೊದಲು ಕೆಲಸದ ನೆಪ ಇತ್ತು. ಆಮೇಲೆ ಹೆಂಡತಿಯ ಕಾಯಿಲೆ. ಆಕೆ ಹೋದ ಮೇಲೆ ಕಣ್ಣಿನ ಪೊರೆ. ಪೊರೆ ತೆಗೆಸಿ ಎರಡು ವರ್ಷವಾಯಿತು, ಅಕ್ಷರ ಚೆನ್ನಾಗಿ ಕಾಣುತ್ತದೆ, ಇನ್ನು ನೆಪ ಉಳಿದಿಲ್ಲ. ನಾನು ಒಬ್ಬ ಹಮಾಲಿಯ ಕೆಲಸವನ್ನೂ ಅವನ ತಾಯಿಯ ಹೆಸರನ್ನೂ ಹಾಳು ಮಾಡಿದೆ. ಬೈದು, ಹೊಡೆದು ಮಾಡಿದ್ದಲ್ಲ. ಚಿತ್ರ ಬರೆದು ಮಾಡಿದ್ದು. ನನ್ನ ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯ ಚಿತ್ರವನ್ನು ನಾನು ಬರೆದಿಲ್ಲ.

ಮಧುಗಿರಿಯಲ್ಲಿ ನನ್ನದು ಬೋರ್ಡು ಬರೆಯುವ ಅಂಗಡಿ. ಎಸ್ಸೆಸ್ಸೆಲ್ಸಿ ಮುಗಿದದ್ದೇ ಕುಂಚ ಹಿಡಿದವನು. ನನ್ನ ಅಕ್ಷರಕ್ಕೆ ನಾಲ್ಕು ತಾಲೂಕಿನಲ್ಲೂ ಹೆಸರಿತ್ತು. ಕಿರಾಣಿ ಅಂಗಡಿ, ರೈಸ್ ಮಿಲ್ಲು, ಬಸ್ಸಿನ ಹಣೆ, ಎಲ್ಲಕ್ಕೂ ನಾನೇ. ಆದರೆ ಮನುಷ್ಯರನ್ನು ಬರೆಯಲು ಬರುತ್ತಿರಲಿಲ್ಲ. ಕೊರಟಗೆರೆ ರಸ್ತೆಯ ಗೋಡೆಯೊಂದರ ಮೇಲೆ ಸಣ್ಣ ಸಂಸಾರದ ಜಾಹೀರಾತು ಬರೆದಿದ್ದೆ, ಮಗು ಎತ್ತಿಕೊಂಡ ತಾಯಿ. ಬಸ್ಸಿಗೆ ಕಾಯುತ್ತಿದ್ದವನೊಬ್ಬ ಕೂಗಿ ಹೇಳಿದ, "ಅಣ್ಣೋ, ಈ ಯಮ್ಮಂಗೆ ಮೊಣಕೈಯೇ ಇಲ್ವಲ್ಲ! ಕೂಸು ಬಿದ್ದೋದೀತು, ಕೆಳಗೆ ಒಂದು ತೊಟ್ಲು ಬರ್ದುಬುಡು." ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಊಟ ಮಾಡಲಿಲ್ಲ.

ಫ್ಲೆಕ್ಸ್ ಬಂದು ಅಕ್ಷರದ ಕೆಲಸವನ್ನು ನುಂಗಿತು. ಉಳಿದದ್ದು ಗೋಡೆ ಮೇಲಿನ ಪ್ರಚಾರದ ಚಿತ್ರಗಳು. ಅವುಗಳಲ್ಲೆಲ್ಲ ಮನುಷ್ಯರು. ಆಗ ನನಗೆ ಐವತ್ತರ ಹತ್ತಿರ ವಯಸ್ಸು.

ಅದೇ ಸಮಯದಲ್ಲಿ ಕೊರಟಗೆರೆಯ ಒಂದು ಛತ್ರಕ್ಕೆ ಬಣ್ಣ ಹೊಡೆಯುವಾಗ ಏಣಿ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಊದಿಕೊಂಡಿತು. ಅಲ್ಲಿದ್ದ ಲಾರಿ ಡ್ರೈವರ್ ಒಬ್ಬ, "ಆಸ್ಪತ್ರೆ ಆಮೇಲೆ, ಮೊದ್ಲು ಅಜ್ಜಿ ಕೈಗೆ ಕೊಡಿ" ಎಂದು ಚನ್ನರಾಯನದುರ್ಗದ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದ. ಊರ ಹೊರಗಿನ ಕೇರಿಯಲ್ಲಿ ಮೂಳೆ ಕಟ್ಟುವ ಅಜ್ಜಿ. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಅಂಥ ಕೇರಿಗೆ ಅದುವರೆಗೆ ನಾನು ಕಾಲಿಟ್ಟವನಲ್ಲ. ಅವತ್ತು ನೋವಿನಲ್ಲಿ ಅದ್ಯಾವುದೂ ನೆನಪಾಗಲಿಲ್ಲ.

ಆಕೆಗೆ ಎಪ್ಪತ್ತರ ಹತ್ತಿರ. ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಹೆಬ್ಬೆರಳಿನಿಂದ ಮೆಲ್ಲಗೆ ತಡವುತ್ತಾ ಹೇಳಿದಳು, "ಎರಡು ಮೂಳೆ ಅವೆ ಸ್ವಾಮಿ ಇಲ್ಲಿ. ಹೆಬ್ಬೆಟ್ಟಿನ ಕಡೇದು ಮುರಿದೈತೆ. ಕಿರುಬೆಟ್ಟಿನ ಕಡೇದು ಬರೀ ಹೆದ್ರೈತೆ." ನನಗೆ ತಿಳಿಯಲೆಂದು ಒಲೆಯ ಇದ್ದಿಲು ತೆಗೆದು ನೆಲದ ಮೇಲೆ ಮಣಿಕಟ್ಟು ಬರೆದು ತೋರಿಸಿದಳು. ನಾಲ್ಕೇ ಗೆರೆ. ಮೂವತ್ತು ವರ್ಷ ಕುಂಚ ಹಿಡಿದ ನನ್ನಿಂದ ಒಂದು ಸಲವೂ ಬಾರದ ಕೈ ಆ ನೆಲದ ಮೇಲೆ ಬಿದ್ದಿತ್ತು.

ಬಿದಿರು ದಬ್ಬೆ ಇಟ್ಟು, ಕೋಳಿಮೊಟ್ಟೆಯ ಬಿಳಿಯಲ್ಲಿ ಉದ್ದಿನ ಹಿಟ್ಟು ಕಲೆಸಿ ಬಟ್ಟೆ ಸುತ್ತಿದಳು. ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ತಡೆದಳು. "ಮೊಟ್ಟೆ ಕೈ ಹಿಡ್ಕೊಂಡು ದೇವರ ಮನೆ ಕಡೆ ಬಂದೀರ ಮತ್ತೆ!" ಕಟ್ಟು ಬಿಚ್ಚುವವರೆಗೂ ಜಗಲಿಯಲ್ಲೇ ನನ್ನ ಊಟ.

ಕಟ್ಟು ಬಿಚ್ಚಿಸಲು ಹೋದ ದಿನ ಆಕೆಯನ್ನು ಕೇಳಿದೆ, ಮೂಳೆಗಳನ್ನು ನನಗೂ ಕಲಿಸಿಕೊಡು ಅಂತ. ಆಕೆ ನಕ್ಕಳು. "ಬಣ್ಣ ಬಳಿಯಾಕೆ ಮೂಳೆ ಯಾಕೆ ಸ್ವಾಮಿ? ಗೋಡೆ ಮ್ಯಾಲಿನ ಮನುಸ ಬಿದ್ದು ಕೈ ಮುರ್ಕಂತಾನಾ?" ಆದರೂ ಒಪ್ಪಿದಳು. ಯಾಕೆ ಒಪ್ಪಿದಳೆಂದು ಆಗ ನಾನು ಯೋಚಿಸಲಿಲ್ಲ. ಆಕೆಯ ಕೈಯಲ್ಲಿದ್ದದ್ದನ್ನು ಕಲಿಸು ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಕಲಿಯಲು ಒಂದು ಮೈ ಬೇಕಲ್ಲ. ಆಕೆಯ ಮಗನಿದ್ದ, ಮೂವತ್ತು ದಾಟಿದವನು. ಬಡವನಹಳ್ಳಿಯ ಮಂಡಿಯಲ್ಲಿ ಹುಣಸೆ, ಕಡಲೆಕಾಯಿ ಮೂಟೆ ಹೊರುವ ಹಮಾಲಿ. ಲೋಡು ಇಲ್ಲದ ದಿನ ಅವನನ್ನು ಮನೆ ಮುಂದಿನ ಚಪ್ಪಡಿಯ ಮೇಲೆ ಕೂರಿಸುತ್ತಿದ್ದಳು. ಮೈಮೇಲೆ ಒಂದು ಗುಲಗಂಜಿ ಕೊಬ್ಬಿಲ್ಲ. ಉಸಿರಾಡಿದರೆ ಪಕ್ಕೆಲುಬುಗಳನ್ನು ಎಣಿಸಬಹುದಿತ್ತು. ಅವನು ಸುಮ್ಮನೆ ಬೀಡಿ ಸೇದುತ್ತಾ, "ನೋಡ್ಕಳಣ್ಣ, ನೋಡ್ಕ. ಸಂತೇಲಿ ಎತ್ತು ನೋಡ್ದಂಗೆ ನೋಡ್ಕ. ಹಲ್ಲು ಮಾತ್ರ ಎಣಿಸ್ಬ್ಯಾಡ" ಎನ್ನುತ್ತಿದ್ದ.

ಆಕೆಯದು ಒಂದೇ ನಿಯಮ. ಮೊದಲು ಕಣ್ಣು ಮುಚ್ಚಿ ಮುಟ್ಟಬೇಕು. ಮೂಳೆ ಎಲ್ಲಿ ಹುಟ್ಟುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಇನ್ನೊಂದರ ಕೆಳಗೆ ಹೋಗುತ್ತದೆ, ಬಾಯಿಬಿಟ್ಟು ಹೇಳಬೇಕು. ಆಮೇಲೆ ಕಣ್ಣು ಬಿಟ್ಟು ಬರೆಯಬೇಕು. ಮುಟ್ಟುವುದಕ್ಕೆ ಮೊದಲೇ ಬರೆದರೆ ಕಾಲಿನಿಂದ ಒರೆಸಿಬಿಡುತ್ತಿದ್ದಳು. "ಲೇ, ಕಣ್ಮುಚ್ಚು! ಕಣ್ಣು ಕಳ್ಳ ಕಣ್ಲಾ. ನಿಂಗೆ ಗೊತ್ತಿರಾದ್ನೇ ತೋರಿಸ್ತೈತೆ." ಮೊದಲ ಸಲ ಆಕೆಯ ಬಾಯಲ್ಲಿ ‘ಲೇ’ ಬಂದಾಗ ಕೆನ್ನೆಗೆ ಹೊಡೆದಂತಾಯಿತು. ಆಕೆಗೂ ಗೊತ್ತಾಗಿ ನಾಲಿಗೆ ಕಚ್ಚಿಕೊಂಡು, "ತಪ್ಪಾತು ಸ್ವಾಮಿ" ಅಂದಳು. ಮುಂದಿನ ವಾರ ಮತ್ತೆ ಅದೇ. ಪಾಠ ನಡೆಯುವಷ್ಟು ಹೊತ್ತು ‘ಲೇ’, ಎದ್ದು ನಿಂತರೆ ‘ಸ್ವಾಮಿ’. ನಾನೂ ಅದಕ್ಕೆ ಒಗ್ಗಿಕೊಂಡೆ. ಆದರೆ ಪ್ರತಿ ಸಲ ವಾಪಸು ಬರುವಾಗ ದಾರಿಯ ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಮೊಣಕೈವರೆಗೂ ಕೈ ತೊಳೆದು ಮನೆಗೆ ಹೋಗುತ್ತಿದ್ದೆ. ಇದನ್ನೂ ಬರೆದಿಡುತ್ತೇನೆ. ಕಲಿತದ್ದನ್ನು ಮಾತ್ರ ತೊಳೆಯದೆ ಮನೆಗೆ ತಂದೆ.

ತುಮಕೂರಿನ ರದ್ದಿ ಅಂಗಡಿಯಲ್ಲಿ ಡಾಕ್ಟರ್ ಓದುವವರ ಹಳೆಯ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತ್ತು. ಓದಲು ಬಾರದಿದ್ದರೂ ಚಿತ್ರಗಳಿಗಾಗಿ ತಂದೆ. ಆಕೆಗೆ ತೋರಿಸಿದೆ. ಪುಟದ ಮೇಲಿನ ಮನುಷ್ಯನನ್ನು ತುಂಬಾ ಹೊತ್ತು ನೋಡಿ, "ಎಲ್ಲಾ ಸರಿ ಐತೆ. ಆದ್ರೆ ಇವ್ನು ಹೊರೆ ಹೊತ್ತೋನಲ್ಲ ಕಣ್ಲಾ. ಕುಂತು ಉಂಡ ಮೈ" ಎಂದಳು. ಮಗನ ತಲೆ ಮೇಲೆ ಒಂದು ತುಂಬಿದ ಮೂಟೆ ಹೊರಿಸಿ ನನ್ನನ್ನು ಅವನ ಹಿಂದೆ ಕುಕ್ಕರಗಾಲಲ್ಲಿ ಕೂರಿಸಿದಳು. ಭಾರ ಕತ್ತಿನಿಂದ ಬೆನ್ನ ಮೇಲಿನ ರೆಕ್ಕೆ ಮೂಳೆಗೆ, ಅಲ್ಲಿಂದ ನಡುವಿಗೆ, ತೊಡೆಗೆ, ಮೀನಖಂಡಕ್ಕೆ ಇಳಿಯುವುದನ್ನು ಬೆರಳಿಟ್ಟು ತೋರಿಸಿದಳು. "ಮೂಟೆ ತಲೆ ಮ್ಯಾಲೆ ಐತೆ ಅಂದ್ಕಂಡಿದೀಯ? ಇಲ್ಲಿ ನೋಡು, ಎಡಗಾಲ ಹಿಮ್ಮಡಿ ಮ್ಯಾಲೈತೆ." ನನ್ನ ಮನುಷ್ಯರು ಗೋಡೆಯ ಮೇಲೆ ಯಾಕೆ ಗೊಂಬೆಗಳಂತೆ ತೇಲುತ್ತಿದ್ದರೆಂದು ಅವತ್ತು ಗೊತ್ತಾಯಿತು. ಅವರ ಭಾರ ನೆಲಕ್ಕೆ ಇಳಿದಿರಲಿಲ್ಲ.

ಕತ್ತಿನ ಬುಡದ ಅಡ್ಡ ಮೂಳೆಯ ಪಾಠ ಬಂತು. ಮಗ ಬಲ ಹೆಗಲಿನ ಟವಲು ತೆಗೆಯಲು ಒಪ್ಪಲಿಲ್ಲ. ಕೆಲಸ ಮಾಡುವಾಗಲೂ ಸ್ನಾನಕ್ಕೆ ಹೋಗುವಾಗಲೂ ಅವನು ಆ ಹೆಗಲನ್ನು ಮುಚ್ಚಿಕೊಂಡೇ ಇರುತ್ತಿದ್ದ. ಆಕೆಯೇ ಟವಲು ಸರಿಸಿದಳು. ಚರ್ಮದ ಕೆಳಗೆ ನೆಲ್ಲಿಕಾಯಿ ಗಾತ್ರದ ಗಂಟು. ಮೂಳೆಯ ಎರಡು ತುದಿಗಳು ಒಂದರ ಮೇಲೊಂದು ಹತ್ತಿ ಕೂಡಿಕೊಂಡಿದ್ದವು. ಅವನು ಹತ್ತು ವರ್ಷದವನಿದ್ದಾಗ ಹುಣಸೇಮರದಿಂದ ಬಿದ್ದಿದ್ದನಂತೆ.

"ನಾನೇ ಕಟ್ಟಿದ್ದೆ" ಎಂದಳು. "ಕಟ್ಟಿನ ಕಡಿತ ತಡೀನಾರ್ದೆ ರಾತ್ರಿ ಹಗಲು ಅತ್ತ. ಹದಿನೈದೇ ದಿನಕ್ಕೆ ಬಿಚ್ಬುಟ್ಟೆ. ಬ್ಯಾರೆಯೋರ ಮಕ್ಳು ಅತ್ರೆ ಬಿಚ್ತಿರಲಿಲ್ಲ ನಾನು." ಆ ಗಂಟಿನ ಮೇಲೆ ಹೆಬ್ಬೆರಳಿಟ್ಟು, "ಎಷ್ಟು ಜನದ ಮೂಳೆ ಕೂರಿಸಿದೀನಿ, ಇದೊಂದೇ ತಪ್ಪಿದ್ದು. ಮುಟ್ಟಿ ನೋಡು, ತಪ್ಪೂ ಗೊತ್ತಿರ್ಬೇಕು. ಆದ್ರೆ ಯಾರ್ತಾವೂ ಅನ್ಬ್ಯಾಡ ಕಣಪ್ಪಾ" ಎಂದಳು.

ನಾನು ಮುಟ್ಟಿದೆ. ಅನ್ನುವುದಿಲ್ಲ ಎಂದೆ.

ಅದಾಗಿ ಕೆಲವೇ ತಿಂಗಳಲ್ಲಿ ಒಬ್ಬ ಗುತ್ತಿಗೆದಾರ ನನಗೆ ಕ್ಷಯರೋಗದ ಪ್ರಚಾರದ ಗೋಡೆ ಬರಹ ಕೊಟ್ಟ. ಬಡವನಹಳ್ಳಿ, ಗೌಡಗೆರೆ, ಪಾವಗಡ, ಹೀಗೆ ಮೂರು ಊರುಗಳಲ್ಲಿ ದೊಡ್ಡ ಗೋಡೆಗಳು. ಬರಿ ಮೈಯಲ್ಲಿ ಓರೆಯಾಗಿ ಬಾಗಿ ನಿಂತು ಕೆಮ್ಮುತ್ತಿರುವ ಒಬ್ಬ ಬಡಕಲು ಮನುಷ್ಯ, ಪಕ್ಕದಲ್ಲಿ ಎರಡು ಸಾಲು ಅಕ್ಷರ. ಮೊದಲು ಬಡವನಹಳ್ಳಿಯಲ್ಲಿ ಶುರು ಮಾಡಿದೆ. ನನ್ನ ಕೈಗೆ ಗೊತ್ತಿದ್ದ ಮೈ ಒಂದೇ. ಅದನ್ನೇ ಬರೆದೆ. ಮುಖ ಮಾತ್ರ ಬೇರೆ ಮಾಡಿದೆ. ಮೂಗು ಗಿಡ್ಡ ಮಾಡಿ, ದಪ್ಪ ಮೀಸೆ ಇಟ್ಟೆ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಹೆಗಲನ್ನು ಮೊದಲು ಗಂಟಿಲ್ಲದೆ ಬರೆದು ನೋಡಿದೆ, ಹೆಗಲು ಸತ್ತಿತ್ತು. ಗಂಟು ಸೇರಿಸಿದೆ, ಜೀವ ಬಂತು. ಬಿಟ್ಟುಬಿಡಲು ಮನಸ್ಸು ಬರಲಿಲ್ಲ.

ಅವತ್ತು ಸಂತೆ. ಏಣಿಯ ಕೆಳಗೆ ಜನ ಸೇರಿದರು. "ಉಸಿರಾಡ್ತವ್ನಲ್ಲೋ!" ಎಂದ ಒಬ್ಬ. ನನಗೆ ಎದೆ ಉಬ್ಬಿತು. ಅಷ್ಟರಲ್ಲಿ ಮಂಡಿಯಿಂದ ಬಂದ ಇಬ್ಬರು ಹಮಾಲಿಗಳು ನಿಂತರು.

"ಲೇ, ಇದು ಮೂಳೆ ಅಜ್ಜಿ ಮಗ ಅಲ್ವೇನ್ಲಾ?"

"ಮೀಸೆ ಬ್ಯಾರೆ ಐತಲ್ಲೋ."

"ಮೀಸೆ ಕಟ್ಕಂಡು ಏನ್ ಮಾಡ್ತೀಯ? ನಿಂತಿರಾದ್ ನೋಡು, ಎಡ ಹಿಮ್ಮಡಿ ಮ್ಯಾಲೆ. ಬೆನ್ನು ನೋಡು. ದಿನಾ ಇದೇ ಬೆನ್ನಿನ ಹಿಂದೆ ಮೂಟೆ ಹೊತ್ಕಂಡು ಹೋಗ್ತೀನಿ, ನಂಗೊತ್ತಿಲ್ವಾ?" ಆಮೇಲೆ ಅವನ ದನಿ ತಗ್ಗಿತು. "ಹೆಗಲ ಮ್ಯಾಲೆ ಅದೇನ್ಲಾ ಗಂಟು? ಅದಕ್ಕೇ ಕಣ್ಲಾ ಯಾವಾಗ್ಲೂ ಟವಲ್ ಹೊದ್ದಿರ್ತಾನೆ. ಟೀಬಿ ಗಂಟು ಅದು!"

ಈ ಮಾತನ್ನು ಏಣಿಯ ಮೇಲೆ ನಿಂತು ನಾನು ಪೂರ್ತಿ ಕೇಳಿಸಿಕೊಂಡೆ. ಕೈಯಲ್ಲಿ ಕುಂಚವಿತ್ತು, ಕಾಲ ಬಳಿ ಸುಣ್ಣದ ಬಕೀಟಿತ್ತು. ಎರಡು ಸಲ ಕೈಯಾಡಿಸಿದ್ದರೆ ಆ ಹೆಗಲು ಹೋಗುತ್ತಿತ್ತು. ಕೆಳಗೆ ನೋಡಿ "ಅದು ಯಾರೂ ಅಲ್ಲ ಕಣ್ರಪ್ಪಾ" ಎಂದಿದ್ದರೂ ಸಾಕಿತ್ತು. ನಾನು ಕುಂಚ ಅದ್ದಿ ಪಕ್ಕದ ಸಾಲಿನ ಅಕ್ಷರಕ್ಕೆ ಕೈಹಾಕಿದೆ. ಚಿತ್ರ ಕೆಡಬಾರದಿತ್ತು ನನಗೆ. ಮೊಣಕೈ ಇಲ್ಲದ ತಾಯಿಯನ್ನು ಬರೆದು ನಗೆಪಾಟಲಾದವನು ನಾನು, ಕಡೆಗೂ ಒಬ್ಬ ಮನುಷ್ಯನನ್ನು ಗುರುತು ಸಿಗುವಂತೆ ಬರೆದಿದ್ದೆ. ಆ ಖುಷಿ ಎಷ್ಟು ಕೆಟ್ಟದ್ದು ಎಂದು ಅನುಭವಿಸಿದವನೇ ಹೇಳಬೇಕು. ಗೊತ್ತಿದ್ದೂ ಗೌಡಗೆರೆಯಲ್ಲಿ ಅದೇ ಮೈ ಬರೆದೆ, ಪಾವಗಡದಲ್ಲೂ ಬರೆದೆ. ಅಜ್ಜಿಯ ಮನೆಗೆ ಪಾಠಕ್ಕೆ ಮಾತ್ರ ಮತ್ತೆ ಹೋಗಲಿಲ್ಲ.

ಹದಿನೈದು ದಿನ ಕಳೆದಿರಬೇಕು. ಅಜ್ಜಿಯ ಮಗ ಮಧುಗಿರಿಯ ನನ್ನ ಅಂಗಡಿಗೆ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲ ಹತ್ತಿರವೇ ನಿಂತ.

"ಅಣ್ಣ, ಆ ಚಿತ್ರ ಅಳಿಸ್ಬುಡು."

"ಅದು ನೀನಲ್ಲ ಕಣಯ್ಯ. ಮುಖ ನೋಡಿದೀಯಾ?"

"ನನ್ ಮುಖ ಯಾರಣ್ಣ ನೋಡವ್ರೆ? ಮೂಟೆ ಕೆಳಗಿರೋನ್ಗೆ ಮುಖ ಎಲ್ಲೈತೆ? ಮೈಯೇ ನನ್ ಮುಖ." ಅವನಿಗೆ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. "ಮಂಡೀಲಿ ನಂಗೆ ಬ್ಯಾರೆ ಲೋಟ ಇಟ್ಟವ್ರೆ. ಮೇಸ್ತ್ರಿ ಟೆಸ್ಟ್ ಮಾಡ್ಸು ಅಂದ. ಮಾಡ್ಸಿದೆ. ಏನೂ ಇಲ್ಲ ಅಂತ ಚೀಟಿ ಕೊಟ್ರು. ಚೀಟಿ ಯಾರು ಓದ್ತಾರೆ? ಗೋಡೆ ಎಲ್ರೂ ನೋಡ್ತಾರೆ."

"ಅದು ಸರ್ಕಾರದ ಗೋಡೆ. ಒಂದು ಸಲ ಬರೆದ ಮೇಲೆ ನಾನು ಮುಟ್ಟೋ ಹಂಗಿಲ್ಲ" ಎಂದೆ. ಅದು ಸುಳ್ಳು. ಯಾರೂ ಹಾಗೆ ಹೇಳಿರಲಿಲ್ಲ.

ಅವನು ಅದನ್ನು ನಂಬಿದ. "ಹಂಗಾ? ಹೋಗ್ಲಿ ಬುಡು. ಪಾವಗಡದ ಕಡೆ ಕಡ್ಲೆಕಾಯಿ ಮಿಲ್ಲಿಗೆ ಹೋಗ್ತೀನಿ. ಅಲ್ಲಿ ನನ್ನ ಕಂಡೋರಿಲ್ಲ" ಎಂದು ಹೊರಟ. ಪಾವಗಡದ ಬಸ್ ಸ್ಟ್ಯಾಂಡಿನ ಹತ್ತಿರವೂ ಅವನೇ ಗೋಡೆಯ ಮೇಲೆ ನಿಂತಿದ್ದಾನೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮಿಲ್ಲಿಗೆ ಸೇರಿದ ವಾರದಲ್ಲೇ ಅಲ್ಲಿಯವನೊಬ್ಬ, "ಗೋಡ ಮೀದ ಉಂಡೇದಿ ವೀಡೇ ಕದಾ!" ಎಂದು ತೆಲುಗಿನಲ್ಲಿ ಕೂಗಿ, ಗೋಡೆ ಮೇಲಿರುವವನು ಇವನೇ ಅಲ್ಲವೇ ಎಂದು ಕೈ ತೋರಿಸಿದನಂತೆ. ಅಲ್ಲೂ ಬೇರೆ ಲೋಟ ಬಂತು.

ತಾಯಿಗೆ ಆದದ್ದು ಇನ್ನೂ ಕೆಟ್ಟದ್ದು. ಆ ಗಂಟು ಟೀಬಿಯದಲ್ಲ, ಮುರಿದ ಮೂಳೆ ಓರೆಯಾಗಿ ಕೂಡಿದ್ದು ಎಂದು ತಿಳಿದವರು ಯಾರೋ ಹೇಳಿದರು. ಒಂದು ಸುಳ್ಳು ಹೋಗಿ ಆಕೆ ಬಚ್ಚಿಟ್ಟ ನಿಜ ಹೊರಗೆ ಬಂತು. "ಹೆತ್ತ ಮಗನ ಮೂಳೆ ಕೂರಿಸನಾರದೋಳು ನಮ್ದೇನು ಕೂರಿಸ್ತಾಳೆ?" ಎಂದು ಕೊರಟಗೆರೆಯ ಟೀ ಅಂಗಡಿಯಲ್ಲಿ ಜನ ನಕ್ಕದ್ದನ್ನು ನನ್ನ ಕಿವಿಯಾರೆ ಕೇಳಿದೆ. ನಾನು ಲೋಟದಲ್ಲಿದ್ದ ಟೀ ಮುಗಿಸಿ ಎದ್ದು ಬಂದೆ. ಆಕೆಯ ಮನೆ ಮುಂದೆ ನಿಲ್ಲುತ್ತಿದ್ದ ಗಾಡಿಗಳು ಕಡಿಮೆಯಾದವು, ಆಮೇಲೆ ಇಲ್ಲವೇ ಆದವು. ಹೇಗಿದ್ದರೂ ಜನ ಆಸ್ಪತ್ರೆಗೆ ಹೋಗುವ ಕಾಲ ಬಂತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನ ಸಾಕಷ್ಟು ವರ್ಷ ಬಾಳಿಕೆ ಬಂತು.

ಬಡವನಹಳ್ಳಿಯ ಗೋಡೆಯನ್ನು ಯಾರೋ ಸಿಮೆಂಟ್ ಕಂಪನಿಯ ಜಾಹೀರಾತಿಗೆ ಬಳಿದರು. ಆ ಜಾಹೀರಾತಿನ ಅಕ್ಷರ ಬರೆಯಲು ನನ್ನನ್ನೇ ಕರೆದಿದ್ದರು. ಅದಕ್ಕೂ ಹೋದೆ.

ಮಗನನ್ನು ಮತ್ತೆ ನೋಡಿದ್ದು ಶಿರಾದಲ್ಲಿ, ಎಷ್ಟೋ ವರ್ಷದ ಮೇಲೆ. ಒಂದು ಮಸೀದಿಯ ಹಿಂದಿನ ಮರದ ಅಡ್ಡೆಯಲ್ಲಿ ಕಾವಲು ಕೆಲಸದಲ್ಲಿದ್ದ. ಕೂದಲು ನೆರೆತಿತ್ತು. ಅಲ್ಲೇ ನಿಂತು ತಪ್ಪಾಯಿತು ಎಂದೆ. ಹಮಾಲರ ಮಾತು ಕೇಳಿಸಿಕೊಂಡಿದ್ದು, ಸರ್ಕಾರದ ಗೋಡೆ ಎಂದು ಸುಳ್ಳು ಹೇಳಿದ್ದು, ಎಲ್ಲವನ್ನೂ ಒಪ್ಪಿಕೊಂಡೆ.

ಅವನು ಬೀಡಿ ಹಚ್ಚಿದ. "ಅಳಿಸ್ಬೋದಿತ್ತಾ?" ಎಂದ.

"ಅಳಿಸಬಹುದಿತ್ತು."

"ಥೂ ನಿನ್ನ." ಬೀಡಿಯನ್ನು ನೆಲಕ್ಕೆ ಉಜ್ಜಿ ಆರಿಸಿದ. ಆಮೇಲೆ, "ಬುಡು. ನಂದು ಹೊಟ್ಟೆಪಾಡು, ಅಲ್ಲಿ ಇಲ್ದಿದ್ರೆ ಇಲ್ಲಿ ಆಯ್ತು. ನನ್ನೇನ್ ಕೇಳ್ತೀಯ? ಅವ್ವನ್ನ ಕೇಳು. ನೀನು ಬತ್ತೀಯ ಅಂತ ಬಾಗ್ಲಲ್ಲೇ ಕುಂತಿರ್ತಿದ್ಲು. ಕಾಲಿನ ಪಾಠ ಇನ್ನೂ ಬಾಕಿ ಐತೆ ಅಂತಿದ್ಲು" ಎಂದ.

ಹೋಗುತ್ತೇನೆ ಎಂದು ಹೇಳಿ ಬಂದೆ. ಆ ವಾರ ಹೋಗಲಿಲ್ಲ, ಆ ತಿಂಗಳೂ ಹೋಗಲಿಲ್ಲ. ಮಗನ ಎದುರು ತಲೆ ತಗ್ಗಿಸಬಹುದಾಗಿತ್ತು. ಆಕೆಯ ಎದುರು ತಗ್ಗಿಸಬೇಕಾದರೆ ಆಕೆ ನನಗೆ ಏನಾಗಬೇಕು ಎಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ನನ್ನ ಮನೆಯಲ್ಲಿ, ನನ್ನ ಜನರಲ್ಲಿ, ಆ ಮಾತು ಆಡಲು ನಾನು ತಯಾರಿರಲಿಲ್ಲ.

ಒಂದು ಸಲ ಕೊರಟಗೆರೆಯಿಂದ ಬರುವ ಬಸ್ಸು ಹತ್ತಿದೆ. ಸೀಟಿರಲಿಲ್ಲ. ಕಂಬಿ ಹಿಡಿದು ನಿಂತು ನೋಡಿದರೆ ಪಕ್ಕದ ಸೀಟಿನಲ್ಲಿ ಆಕೆ, ಒಣಗಿ ಅರ್ಧವಾಗಿದ್ದಳು. ನನ್ನನ್ನು ಗುರುತಿಸಿ, ಕಷ್ಟಪಟ್ಟು ಎದ್ದು ನಿಂತಳು. "ಬನ್ನಿ ಸ್ವಾಮಿ, ಕೂತ್ಕಳ್ಳಿ" ಎಂದಳು. ಬೇಡ ಎಂದೆ. ಕಂಬಿ ಹಿಡಿದಿದ್ದ ನನ್ನ ಬಲಗೈಯನ್ನು ಹಿಡಿದುಕೊಂಡು, ಕಣ್ಣು ಮುಚ್ಚಿ, ಮಣಿಕಟ್ಟನ್ನು ಹೆಬ್ಬೆರಳಿನಿಂದ ತಡವಿದಳು. "ಚೆನ್ನಾಗಿ ಕೂಡೈತೆ" ಎಂದಳು. "ಚಳಿಗೆ ನೋಯ್ತದಾ ಸ್ವಾಮಿ?"

ಇಲ್ಲ ಎಂದೆ. ಆಗಲೇ ಹೇಳಬೇಕಾಗಿತ್ತು. ಬಸ್ಸಿನಲ್ಲಿ ನಮ್ಮ ಬೀದಿಯವರು ಇಬ್ಬರಿದ್ದರು, ನೋಡುತ್ತಿದ್ದರು. ಕೈ ಬಿಡಿಸಿಕೊಂಡು, ನನ್ನ ಊರು ಬರುವ ಮೊದಲೇ ಯಾವುದೋ ಹಳ್ಳಿಯ ಗೇಟಿನಲ್ಲಿ ಇಳಿದುಬಿಟ್ಟೆ.

ಮುಂದಿನ ಬೇಸಿಗೆಯಲ್ಲಿ ಆಕೆ ಹೋದ ಸುದ್ದಿ ಬಂತು. ಮಣ್ಣಿಗೂ ನಾನು ಹೋಗಲಿಲ್ಲ.

ಹೋದ ವರ್ಷ ನಮ್ಮ ಊರಿನ ಕೆಲವರು ಹಳೆಯ ಬೋರ್ಡು ಬರಹಗಾರರಿಗೆಲ್ಲ ಸನ್ಮಾನ ಮಾಡಿದರು. ಶಾಲು ಹೊದಿಸಿದರು. ಮೈಕ್ ಹಿಡಿದ ಮೇಷ್ಟ್ರೊಬ್ಬರು ನನ್ನನ್ನು ಕೇಳಿದರು, "ಮನುಷ್ಯರ ಮೈಯನ್ನು ಇಷ್ಟು ಚೆನ್ನಾಗಿ ಬರೆಯೋದನ್ನ ಯಾರ ಹತ್ತಿರ ಕಲಿತಿರಿ ಸಾರ್?" ಸ್ವಂತ ಅಭ್ಯಾಸ ಎಂದೆ. ಜನ ಚಪ್ಪಾಳೆ ತಟ್ಟಿದರು. ಆಕೆ ಸತ್ತಾಗಿತ್ತು, ಇನ್ನು ಹೇಳಿದರೆ ಯಾರಿಗೂ ನಷ್ಟವಿರಲಿಲ್ಲ. ಆದರೂ ಹೇಳಲಿಲ್ಲ. ಮೊದಲ ಸಲ ಕದ್ದದ್ದು ಆಕೆಯ ಗುಟ್ಟು. ಅವತ್ತು ಕದ್ದದ್ದು ಆಕೆಯ ವಿದ್ಯೆ.

ಆ ಸಭೆಯಲ್ಲಿ ಹೇಳದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಕ್ಷಮೆ ಕೇಳಿದಂತಲ್ಲ. ಕೇಳಬೇಕಾದವಳು ಇಲ್ಲ, ಇದ್ದಾಗ ನಾನು ಕೇಳಲಿಲ್ಲ. ನಾನು ಕಡೆಯವರೆಗೂ ತಪ್ಪಾಯಿತು ಎನ್ನದೆ ಬಿಟ್ಟದ್ದು ಚನ್ನರಾಯನದುರ್ಗದ ಕಡೆಯ ಆ ಕೇರಿಯಲ್ಲಿ ಮೂಳೆ ಕಟ್ಟುತ್ತಿದ್ದ ಅಜ್ಜಿಗೆ. ಆಕೆ ನನ್ನ ಗುರು.